ಯಾವ ಕೆಲಸವೂ ಇಲ್ಲದ ಪ್ರಯಾಣ

ನಮ್ಮ ಮನೆಯ ಹೆಂಗಸರು ಶಿರಾಳಕೊಪ್ಪ ಬಿಟ್ಟು ಹೊರಗೆ ಹೋಗುವುದು ಮೂರು ಕಾರಣಕ್ಕೆ: ಮದುವೆ, ಆಸ್ಪತ್ರೆ, ಮಯ್ಯತ್. ಈಚೆಗೆ ಆಧಾರ್ ತಿದ್ದುಪಡಿ ಎಂಬ ನಾಲ್ಕನೆಯದೂ ಸೇರಿದೆ. "ಸುಮ್ಮನೆ ನೋಡಿಕೊಂಡು ಬರೋಣ" ಎಂಬುದು ಕಾರಣಗಳ ಪಟ್ಟಿಯಲ್ಲೇ ಇಲ್ಲ. ಅಮ್ಮಿಯ ತವರು ಆನವಟ್ಟಿ. ಮದುವೆಯಾಗಿ ಬಂದು 22 ವರ್ಷವಾಯಿತು. ಈ ಎರಡು ಊರುಗಳ ನಡುವಿನ ರಸ್ತೆಯನ್ನು ಬಿಟ್ಟರೆ ಅವರು ನೋಡಿದ್ದು ಬಹಳ ಕಡಿಮೆ.

ರಜೆಗೆ ಬೆಂಗಳೂರಿನಿಂದ ಬರುವ ನನ್ನ ಫುಪ್ಪಿಯ ಮಕ್ಕಳು ಪ್ರತಿ ಸಲ ಕೇಳುತ್ತಾರೆ, "ನಿಮ್ಮ ಕಡೆ ನೋಡೋಕೆ ಏನಿದೆ?" ಎಂದು. ಜೋಗಕ್ಕೋ ಮುರುಡೇಶ್ವರಕ್ಕೋ ಹೋಗಿಬಿಡುತ್ತಾರೆ. ಬಳ್ಳಿಗಾವಿ ನಮ್ಮಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ. ಅಲ್ಲಿ ಕೇದಾರೇಶ್ವರ ದೇವಸ್ಥಾನವಿದೆ, 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬವಿದೆ. ತಾಳಗುಂದವೂ ದೂರವಲ್ಲ. ಎಂಟನೇ ತರಗತಿಯಲ್ಲಿ ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. 2013ರ ಉತ್ಖನನದಲ್ಲಿ ಸಿಕ್ಕ ಸಿಂಹ ಕಟಾಂಜನ ಶಾಸನ ಕ್ರಿ.ಶ. 370ರದ್ದೆಂದು ಪುರಾತತ್ವ ಇಲಾಖೆಯವರು ಹೇಳುತ್ತಾರೆ, ಅಂದರೆ ಹಲ್ಮಿಡಿಗಿಂತಲೂ ಹಳೆಯ ಕನ್ನಡ. ಐದನೇ ತರಗತಿವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಒತ್ತಕ್ಷರಗಳ ಜೊತೆ ಗುದ್ದಾಡಿದ ನನಗೆ ಅವತ್ತು ಒಂದು ವಿಷಯಕ್ಕೆ ನಗು ಬಂತು: ಇಷ್ಟು ಹಳೆಯ ಕನ್ನಡ ಸಿಕ್ಕಿದ್ದು, ಕನ್ನಡವನ್ನೇ ಮಾತಾಡದ ನಮ್ಮ ಮನೆಯ ಪಕ್ಕದಲ್ಲಿ!

ಆದರೆ ಅಮ್ಮಿಗೆ ನೋಡಬೇಕಿದ್ದದ್ದು ಕಲ್ಲುಗಳನ್ನಲ್ಲ, ಹಕ್ಕಿಗಳನ್ನು. ಗುಡವಿ ಎಂಬ ಹೆಸರನ್ನು ಅವರು ತವರಿನಲ್ಲಿ ಚಿಕ್ಕಂದಿನಿಂದಲೇ ಕೇಳಿದ್ದರು. ಅವರ ಅಣ್ಣಂದಿರು ಸೈಕಲ್ ಮೇಲೆ ಹೋಗಿ ಬಂದಿದ್ದರಂತೆ. ಇವರನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ಇದನ್ನು ಅಮ್ಮಿ ದೂರಿನಂತೆ ಹೇಳಿದವರಲ್ಲ; ಅಕ್ಕಿ ಆರಿಸುತ್ತಾ ಒಮ್ಮೆ ಹೇಳಿದ್ದರು, ಅಷ್ಟೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಇದರಿಂದ ಯಾರಿಗೆ ಲಾಭ, ಸರಕಾರಕ್ಕೆ ಎಷ್ಟು ಹೊರೆ ಎಂದು ನಮ್ಮ ತರಗತಿಯಲ್ಲಿ ಚರ್ಚೆ ನಡೆದಿದೆ. ಆ ಚರ್ಚೆಯಲ್ಲಿ ಯಾರೂ ಹೇಳದ ಒಂದು ಮಾತಿದೆ. ಕೈಯಲ್ಲಿ ದುಡ್ಡಿಲ್ಲದವಳು "ಹೋಗಿ ಬರ್ತೀನಿ" ಎನ್ನುವ ಮೊದಲು ದುಡ್ಡು ಕೇಳಬೇಕು. ದುಡ್ಡು ಕೇಳಿದರೆ ಕಾರಣ ಹೇಳಬೇಕು. ಟಿಕೆಟ್ ಹೋದ ಮೇಲೆ ಕಾರಣದ ಭಾರವೂ ಅರ್ಧ ಇಳಿಯುತ್ತದೆ. ಆದರೆ ನಮ್ಮ ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಓಡುವುದು ಖಾಸಗಿ ಬಸ್ಸು. ಕೆಂಪು ಬಸ್ಸು ಎಲ್ಲಿ ನಿಲ್ಲುತ್ತದೋ ಶಕ್ತಿಯೂ ಅಲ್ಲೇ ಇಳಿದುಬಿಡುತ್ತದೆ.

ಅಬ್ಬಾ ಶುಂಠಿ ವ್ಯಾಪಾರಿ, ಲೆಕ್ಕದ ಮನುಷ್ಯ. "ಬೆಳ್ಳಕ್ಕಿ ನೋಡೋಕೆ ಅಷ್ಟು ದೂರ ಯಾಕೆ? ಗದ್ದೆ ಉಳುವಾಗ ಟ್ರ್ಯಾಕ್ಟರ್ ಹಿಂದೆ ಬೇಕಾದಷ್ಟು ಬರ್ತವೆ" ಎಂದರು. ಮಾತು ಸುಳ್ಳಲ್ಲ. ನಾನು ಖರ್ಚಿನ ಪಟ್ಟಿ ಬರೆದು ಕೊಟ್ಟೆ: ಸೊರಬದವರೆಗೆ ಬಸ್ ಸೊನ್ನೆ, ಅಲ್ಲಿಂದ ಆಟೋ, ಪ್ರವೇಶ ಶುಲ್ಕ, ಊಟ ಬುತ್ತಿ. ಪಟ್ಟಿಯನ್ನು ಎರಡು ಸಲ ಓದಿ, "ಅಸರ್ ಹೊತ್ತಿಗೆ ಮನೆಯಲ್ಲಿರಬೇಕು" ಎಂದರು. ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರೆ ಅದೇ.

ಆಗಸ್ಟ್ ತಿಂಗಳ ಒಂದು ಭಾನುವಾರ ಹೊರಟೆವು. ಅಮ್ಮಿ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಪ್ರಯಾಣ ಎಂದರೆ ಅವರು ನೀರು ಕುಡಿಯುವುದೇ ಇಲ್ಲ. ಯಾಕೆಂದು ಹುಡುಗಿಯರಿಗೆ ವಿವರಿಸಬೇಕಿಲ್ಲ. ಸೊರಬದಲ್ಲಿ ದಂಡಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಲ್ಲಿಂದ ಬನವಾಸಿ ಕಡೆಗೆ ಸುಮಾರು 16 ಕಿ.ಮೀ. ಹೋದರೆ ಗುಡವಿ.

ಅಲ್ಲಿ ಮೊದಲು ಸಿಕ್ಕಿದ್ದು ವಾಸನೆ, ಆಮೇಲೆ ಗದ್ದಲ, ಕೊನೆಗೆ ಹಕ್ಕಿಗಳು. ಕೆರೆಯ ನೀರಿನಲ್ಲೇ ಮರಗಳು ನಿಂತಿವೆ. ಮರದ ತುಂಬಾ ಬಿಳಿ ಬಟ್ಟೆ ಒಣಹಾಕಿದ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ಎಲ್ಲ ಅಲ್ಲಾಡುತ್ತಿದ್ದವು. 1989ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿದರು. ಇರುವುದು 73.68 ಹೆಕ್ಟೇರ್ ಮಾತ್ರ, ಆದರೆ 200ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ಕಂಡಿವೆ. ಮಳೆಗಾಲದಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಸುತ್ತಲೂ ನೀರಿರುವುದರಿಂದ ಗೂಡಿಗೆ ರಕ್ಷಣೆ, ಹೊರಗಿನ ಭತ್ತದ ಗದ್ದೆಗಳಲ್ಲಿ ಹುಳು, ಕಪ್ಪೆ, ಮೀನು. ಅಂದರೆ ಮನೆ ಕೆರೆಯಲ್ಲಿ, ಅಂಗಡಿ ಗದ್ದೆಯಲ್ಲಿ. ಮಳೆ ಕೈಕೊಟ್ಟರೆ ಎರಡೂ ಒಟ್ಟಿಗೆ ಮುಚ್ಚಬೇಕಾಗುತ್ತದೆ.

ಫಲಕದಲ್ಲಿದ್ದ ಹೆಸರುಗಳನ್ನು ನಾನು ಓದಿ ಹೇಳುತ್ತಾ ಹೋದೆ. ಅಮ್ಮಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಬೆಳ್ಳಕ್ಕಿ ಎಂದರೆ "ಯೇ ತೋ ಬಗುಲಾ" ಎಂದರು. ಕಪ್ಪು ತಲೆ, ಬಾಗಿದ ಕೊಕ್ಕಿನ ಬಿಳಿ ಕೆಂಬರಲಿಗೆ ಅವರಲ್ಲಿ ಹೆಸರಿರಲಿಲ್ಲ. ಹಾವಕ್ಕಿ ಮೈಯೆಲ್ಲಾ ನೀರಿನಲ್ಲಿ ಮುಳುಗಿಸಿ ಕತ್ತು ಮಾತ್ರ ಮೇಲೆತ್ತಿ ಬಂದಾಗ "ಸಾಂಪ್!" ಎಂದು ನನ್ನ ಕೈ ಹಿಡಿದುಕೊಂಡರು. ನೀರುಕಾಗೆಯೊಂದು ಕೊಂಬೆಯ ಮೇಲೆ ರೆಕ್ಕೆ ಬಿಡಿಸಿ ನಿಂತಿತ್ತು. ಅದರ ಗರಿಗಳು ಒದ್ದೆಯಾಗುತ್ತವೆ, ಒಣಗಿಸಿಕೊಳ್ಳಲೇಬೇಕು. ಈ ಮಳೆಯಲ್ಲಿ ಒಣಗಿದ ಹಾಗೇ ಎಂದು ನಕ್ಕರು.

ಆಮೇಲೆ ಒಂದೇ ಗೂಡನ್ನು ನೋಡುತ್ತಾ ನಿಂತುಬಿಟ್ಟರು. ನಾನು ವೀಕ್ಷಣಾ ಗೋಪುರ ಹತ್ತಿ ಇಳಿದು ಬಂದರೂ ಅಲ್ಲೇ ಇದ್ದರು. "ನೋಡು, ಒಂದು ಬಂದ ಮೇಲೆ ಇನ್ನೊಂದು ಹೋಗ್ತದೆ. ಗಂಡು ಯಾವುದು, ಹೆಣ್ಣು ಯಾವುದು, ಗೊತ್ತೇ ಆಗೋದಿಲ್ಲ" ಎಂದು ಉರ್ದುವಿನಲ್ಲಿ ಹೇಳಿದರು. ನಿಜ, ಕೆಂಬರಲುಗಳಲ್ಲಿ ಎರಡೂ ಪಾಳಿಯ ಮೇಲೆ ಗೂಡು ಕಾಯುತ್ತವೆ. ಪಕ್ಕದಲ್ಲಿದ್ದ ಒಂದು ಕುಟುಂಬದವರು ನಮ್ಮ ಬುರ್ಖಾ ನೋಡಿ, "ಭಟ್ಕಳದಿಂದ ಬಂದ್ರಾ?" ಎಂದು ಪ್ರೀತಿಯಿಂದಲೇ ಕೇಳಿದರು. ನಾನು ಉತ್ತರಿಸುವ ಮೊದಲೇ ಅಮ್ಮಿ ಕನ್ನಡದಲ್ಲಿ, "ಇಲ್ಲೇ, ಆನವಟ್ಟಿ" ಎಂದರು. ಶಿರಾಳಕೊಪ್ಪ ಎನ್ನಲಿಲ್ಲ.

ನನಗೆ ಮುಂದಿನ ವರ್ಷ ಬಿ.ಕಾಂ. ಸೇರುವ ಆಸೆಯಿದೆ, ಶಿವಮೊಗ್ಗದಲ್ಲಿ. ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಅಮ್ಮಿ ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ ಅಬ್ಬಾ "ಏನು ನೋಡಿದಿರಿ?" ಎಂದರು. ಅಮ್ಮಿ ಕೈ ಅಲ್ಲಾಡಿಸುತ್ತಾ, ಕೊಕ್ಕಿನ ಬಾಗು ತೋರಿಸುತ್ತಾ ಬಹಳ ಹೊತ್ತು ಹೇಳಿದರು. ಕೊನೆಗೆ ಅದೇ ಉಸಿರಿನಲ್ಲಿ, "ಶಿವಮೊಗ್ಗಕ್ಕೆ ಸರಕಾರಿ ಬಸ್ಸು ಎಷ್ಟು ಗಂಟೆಗೆಲ್ಲ ಇದೆ, ಸ್ವಲ್ಪ ಕೇಳ್ಕೊಂಡು ಬನ್ನಿ" ಎಂದರು.

ಅಬ್ಬಾ ಮರುದಿನ ಶುಂಠಿ ಬಿಲ್ಲಿನ ಹಿಂದೆ ಸಮಯ ಬರೆದುಕೊಂಡು ಬಂದರು. ಆ ಚೀಟಿ ಈಗ ಫ್ರಿಜ್ಜಿನ ಮೇಲಿದೆ. ಕಳಿಸುತ್ತೇನೆ ಎಂದು ಅವರು ಹೇಳಿಲ್ಲ, ಫಲಿತಾಂಶ ಬರಲಿ ಎನ್ನುತ್ತಾರೆ. ಡಿಸೆಂಬರ್‌ನಲ್ಲಿ ಚಂದ್ರಗುತ್ತಿ ಗುಡ್ಡ ಹತ್ತುವುದಂತೂ ಗೊತ್ತಾಗಿದೆ. ಚಪ್ಪಲಿ ಜಾರುತ್ತದೆ, ಶೂ ಬೇಕು ಎಂದು ಅಮ್ಮಿ ಈಗಾಗಲೇ ಕೇಳಿದ್ದಾರೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ