ಕಡಹಿನಬೈಲಿನ ಸೀಮೆ ಮತ್ತು ಒಂಟಿಮನೆಯ ಮಗು

ಮಲೆನಾಡೆಂದೊಡನೆ ಜೋಗದ ಧಾರೆಯೂ ಶೃಂಗೇರಿಯ ಶಾರದಾಂಬೆಯ ಸನ್ನಿಧಿಯೂ ನಮ್ಮ ಕಣ್ಣೆದುರಿಗೆ ನಿಲ್ಲುವುದು ಸಹಜವಾಗಿದೆ. ಆದರೆ ಯಾತ್ರಿಕರ ಗಮನಕ್ಕೆ ಬಾರದ ಎಷ್ಟೋ ಊರುಗಳು ಆ ಸೀಮೆಯಲ್ಲಿರುವುವು. ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕಿಗೆ ಸೇರಿದ ಕಡಹಿನಬೈಲು ಅಂತಹವುಗಳಲ್ಲೊಂದು.

ನರಸಿಂಹರಾಜಪುರಕ್ಕೆ ಹಿಂದೆ ಎಡೇಹಳ್ಳಿಯೆಂದು ಹೆಸರಿದ್ದಿತು. ಮೈಸೂರಿನ ಯುವರಾಜರಾಗಿದ್ದ ಕಂಠೀರವ ನರಸಿಂಹರಾಜ ಒಡೆಯರವರ ಗೌರವಾರ್ಥವಾಗಿ 1915ರಲ್ಲಿ ಈಗಿನ ಹೆಸರು ಬಂದಿತು. ಒಂದು ಕಾಲದಲ್ಲಿ ತರೀಕೆರೆಯಿಂದ ಇಲ್ಲಿಗೆ ಪುಟ್ಟ ರೈಲೊಂದು ಓಡುತ್ತಿದ್ದಿತು, ಈಗ ಅದಿಲ್ಲ. ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಈ ತಾಲ್ಲೂಕಿನ ಅಂಚಿನವರೆಗೂ ಹಬ್ಬಿ ನಿಂತಿದೆ.

ಬೈಲೆಂದರೆ ಗುಡ್ಡಗಳ ನಡುವೆ ಹಾಸಿರುವ ಗದ್ದೆಯ ಬಯಲು. ಬಯಲುಸೀಮೆಯಂತೆ ಮನೆಗೆ ಮನೆ ತಗುಲಿದ ಬೀದಿಗಳನ್ನು ಇಲ್ಲಿ ಅರಸಬಾರದು. ಕೆಳಗೆ ಗದ್ದೆ, ಪಕ್ಕದಲ್ಲಿ ಅಡಿಕೆಯ ತೋಟ, ಮೇಲೆ ಒಂದು ಮನೆ. ಮತ್ತೊಂದು ಮನೆಗೆ ಹೋಗಬೇಕಾದರೆ ಸಂಕ ದಾಟಿ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ನೆರೆಮನೆಯೂ ದೂರದೇಶವಾಗುವುದು. ಇಂತಹ ಒಂಟಿಮನೆಯ ಶಾಂತಿಯನ್ನು ಕವಿಗಳು ಹೊಗಳಿರುವರು. ಅಲ್ಲಿ ಬೆಳೆಯುವ ಮಗುವಿನ ದೃಷ್ಟಿಯಿಂದ ಅದನ್ನು ನೋಡುವುದೇ ಈ ಲೇಖನದ ಉದ್ದೇಶ.

ಈ ಸೀಮೆಯ ಒಂದು ಜಗಲಿಯಲ್ಲಿ ಐದಾರು ವರ್ಷದ ಬಾಲಕನನ್ನು ಕಂಡೆವು. ಅವನು ಗೋಟಡಿಕೆಗಳನ್ನು ಒಂದರ ಹಿಂದೊಂದರಂತೆ ಸಾಲಾಗಿ ಜೋಡಿಸುತ್ತಿದ್ದನು. ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ. ಸಾಲಿನ ಒಂದು ಅಡಿಕೆ ಜರುಗಿದೊಡನೆ ಕಿವಿ ಮುಚ್ಚಿಕೊಂಡು ಅತ್ತನು. ಬಸ್ಸುಗಳು ಬರುವ ವೇಳೆಯೆಲ್ಲ ಅವನಿಗೆ ಬಾಯಿಪಾಠ. ಆದರೆ ಬಾಯಾರಿದರೆ ನೀರು ಕೇಳಲಾರನು. “ಗಂಡುಮಗು, ಮಾತು ತಡ. ಇವನಪ್ಪನೂ ಹೀಗೇ ಇದ್ದ” ಎಂದರು ಅಜ್ಜಿ. ತಾಯಿ ಮಾತನಾಡಲಿಲ್ಲ. ಕಂಡವರೆಲ್ಲ ತನ್ನನ್ನೇ ದೂರುವರೆಂಬ ಭಯ ಆಕೆಯ ಮುಖದಲ್ಲಿ ಕಾಣುತ್ತಿದ್ದಿತು.

ಇಂತಹ ಸ್ಥಿತಿಗೆ ಆಟಿಸಂ ಎಂದೂ ಕನ್ನಡದಲ್ಲಿ ಸ್ವಲೀನತೆಯೆಂದೂ ಹೇಳುವರು. 1943ರಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು ಅಮೆರಿಕೆಯಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಂದಿನಿಂದ ಇದು ಪ್ರಸಿದ್ಧವಾಯಿತು. ಗ್ರೂನ್ಯಾ ಸುಖರೇವಾ ಎಂಬ ರಷ್ಯದ ವೈದ್ಯೆ ಅದಕ್ಕೂ ಮೊದಲೇ, 1925ರ ಸುಮಾರಿಗೆ, ಇದನ್ನು ವರ್ಣಿಸಿದ್ದರು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗುವುದೆಂಬ ವಾದವೊಂದು ಕೆಲವು ಕಾಲ ನಡೆಯಿತು. ಆ ವಾದವು ಈಗ ಸುಳ್ಳೆಂದು ಸ್ಥಿರಪಟ್ಟಿದೆ. ಇದು ಹುಟ್ಟಿನಿಂದ ಬಂದ ಮಿದುಳಿನ ಬೆಳವಣಿಗೆಯ ಭೇದ; ವಂಶದ ಪಾಲೂ ಇದರಲ್ಲಿ ದೊಡ್ಡದು. ತಾಯಿಯ ದೋಷವೂ ಅಲ್ಲ, ಗ್ರಹಚಾರವೂ ಅಲ್ಲ, ಲಸಿಕೆಯ ಫಲವೂ ಅಲ್ಲ. ಲಸಿಕೆಯನ್ನು ದೂರಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು.

ಇದರ ನೆಂಟನಂತಿರುವ ಮತ್ತೊಂದು ಸ್ಥಿತಿ ಎ.ಡಿ.ಎಚ್.ಡಿ.; ಎಂದರೆ ಗಮನದ ಕೊರತೆ ಮತ್ತು ಮಿತಿಮೀರಿದ ಚಟುವಟಿಕೆ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ವೈದ್ಯರು ಇಂತಹ ಮಕ್ಕಳ ವಿಷಯವಾಗಿ ಉಪನ್ಯಾಸ ಮಾಡಿದ್ದರು. ಎರಡೂ ಒಂದೇ ಮಗುವಿನಲ್ಲಿ ಇರಬಹುದೆಂಬುದನ್ನು ಅಮೆರಿಕೆಯ ಮನೋವೈದ್ಯರ ಕೈಪಿಡಿ 2013ರಲ್ಲಿ ಒಪ್ಪಿಕೊಂಡಿತು. ತೋಟದಲ್ಲಿ ಓಡುವ ಮಕ್ಕಳೆಲ್ಲ ಈ ವರ್ಗದವರೆಂದು ಯಾರೂ ತಿಳಿಯತಕ್ಕದ್ದಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕು. ಆರು ತಿಂಗಳಾದರೂ ನಿಂತಿರಬೇಕು. ಮನೆಯಲ್ಲಿಯೂ ಶಾಲೆಯಲ್ಲಿಯೂ ಕಾಣಬೇಕು. ಮಗುವಿನ ಬಾಳಿಗೆ ಅಡ್ಡಿಯಾಗಿರಬೇಕು.

ಒಂಟಿಮನೆಯಲ್ಲಿ ಓರಗೆಯ ಮಕ್ಕಳಿಲ್ಲದುದರಿಂದ ಹೋಲಿಸಿ ನೋಡುವ ಅವಕಾಶ ಕಡಿಮೆ. ಶಾಲೆಗೆ ಸೇರಿದ ಮೇಲೆಯೇ ಭೇದವು ತಿಳಿಯುವುದು. ಅಷ್ಟರಲ್ಲಿ ಅಮೂಲ್ಯವಾದ ವರ್ಷಗಳು ಕಳೆದಿರುವುವು. ಆದಕಾರಣ ಮನೆಯವರು ಕೆಲವು ಗುರುತುಗಳನ್ನು ಅರಿತಿರಬೇಕು. ವರ್ಷ ತುಂಬಿದರೂ ಹೆಸರಿಗೆ ಓಗೊಡದಿರುವುದು, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿರುವುದು, ಕಲಿತ ಮಾತು ಮರೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಕಾಯಬಾರದು.

ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕು. ಕೇಳಿಸದ ಮಗುವೂ ಓಗೊಡದಷ್ಟೆ. ರಕ್ತದ ಪರೀಕ್ಷೆಯಿಂದಾಗಲಿ ಮಿದುಳಿನ ಚಿತ್ರದಿಂದಾಗಲಿ ಈ ಸ್ಥಿತಿಗಳನ್ನು ನಿರ್ಣಯಿಸಲಾಗದು. ಬಲ್ಲವರು ಮಗುವಿನೊಡನೆ ಆಡಿ, ತಾಯಿತಂದೆಯರನ್ನು ವಿಚಾರಿಸಿ, ಶಾಲೆಯ ಮಾತನ್ನೂ ಕೇಳಿ ತೀರ್ಮಾನಿಸುವರು. ಆಟಿಸಮ್ಮಿನ ತೀವ್ರತೆಯನ್ನಳೆಯಲು ನಮ್ಮ ದೇಶದಲ್ಲಿಯೇ 40 ಅಂಶಗಳ ಅಳತೆಗೋಲೊಂದು ಸಿದ್ಧವಾಗಿದೆ.

ಎಲ್ಲಿಗೆ ಹೋಗಬೇಕು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರಕಾರಿ ಶಾಲೆಗೆ ಒಂದು ಬಾರಿ ಬಂದು ಮಕ್ಕಳನ್ನು ಪರೀಕ್ಷಿಸತಕ್ಕದ್ದಾಗಿದೆ. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡದೆ ಕರೆದೊಯ್ಯುವುದೇ ಮೊದಲ ಹೆಜ್ಜೆ. ಈ ಸೀಮೆಯವರಿಗೆ ಜಿಲ್ಲಾಕೇಂದ್ರವಾದ ಚಿಕ್ಕಮಗಳೂರಿಗಿಂತ ಶಿವಮೊಗ್ಗೆಯೇ ಹತ್ತಿರ. ಮಾತಿನ ಶಿಕ್ಷಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ಮನೋವೈದ್ಯಕ್ಕೆ ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯೂ ಇವೆ. ಗುಡ್ಡದ ಮೇಲಿನ ಮನೆಯಿಂದಲೂ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ದೂರವಾಣಿ ಮಾಡಿ ಸಲಹೆ ಕೇಳಬಹುದು. ಇದು 2022ರಲ್ಲಿ ಆರಂಭವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಆಟಿಸಂ ಸೇರಿರುವುದರಿಂದ ಇಂತಹ ಮಗುವನ್ನು ಶಾಲೆ ಹೊರಗಿಡುವಂತಿಲ್ಲ.

ಆಟಿಸಂ ವಾಸಿ ಮಾಡುವ ಔಷಧವಿಲ್ಲ. ಇದೆಯೆಂದು ಹಣ ಕೇಳುವವರನ್ನು ನಂಬಬಾರದು. ಎ.ಡಿ.ಎಚ್.ಡಿ.ಗೆ ವೈದ್ಯರು ತಿಳಿದು ಕೊಡುವ ಔಷಧಗಳುಂಟು. ಆದರೆ ಎಳೆಯ ಮಕ್ಕಳಿಗೆ ಮೊದಲು ತಾಯಿತಂದೆಯರ ಶಿಕ್ಷಣವೇ ಚಿಕಿತ್ಸೆ. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು ಸಣ್ಣ ವಾಕ್ಯಗಳಲ್ಲಿ ಮಾತನಾಡುವುದು, ದಿನಚರಿಯನ್ನು ಚಿತ್ರ ಬರೆದು ತೋರಿಸುವುದು, ಒಂದು ಬಾರಿಗೆ ಒಂದೇ ಕೆಲಸ ಹೇಳುವುದು, ಆದೊಡನೆ ಮೆಚ್ಚುವುದು: ಇವಕ್ಕೆ ಪಟ್ಟಣವೇ ಬೇಕೆಂದಿಲ್ಲ. ಕರುವಿಗೆ ಹುಲ್ಲು ಹಾಕುವುದು, ಹೂವು ಕೊಯ್ಯುವುದು, ಅಡಿಕೆ ಆರಿಸುವುದು ಮೊದಲಾದ ನಿತ್ಯದ ಕೆಲಸಗಳೇ ಪಾಠವಾಗಬಲ್ಲವು. ಪ್ರತಿದಿನ ಒಂದೇ ಹೊತ್ತಿಗೆ ಒಂದೇ ಕ್ರಮದಲ್ಲಿ ನಡೆಯುವ ಕೆಲಸವು ಇಂತಹ ಮಗುವಿಗೆ ನೆಮ್ಮದಿ ತರುವುದು. ಸಾಲು ಜೋಡಿಸುವ ಬಾಲಕನ ಎದುರಿಗೆ ಕುಳಿತು, ಅವನೊಂದು ಇಟ್ಟಮೇಲೆ ನಾವೊಂದು ಅಡಿಕೆಯಿಟ್ಟರೆ, ಅದೇ ಸಂಭಾಷಣೆಯ ಆರಂಭವು.

ಮಲೆನಾಡಿನ ತಾಯಂದಿರಿಗೆ ವಿಶೇಷವಾಗಿ ಹೇಳಬೇಕಾದುದೊಂದಿದೆ. ಆಟಿಸಂ ಇರುವ ಅನೇಕ ಮಕ್ಕಳು ಸದ್ದಿಲ್ಲದೆ ಮನೆಯಿಂದ ಹೊರಟುಬಿಡುವರು. ನೀರೆಂದರೆ ಅವರಲ್ಲಿ ಹಲವರಿಗೆ ಬಲು ಆಕರ್ಷಣೆ. ಅಪಾಯದ ಅರಿವು ಕಡಿಮೆ, ಕರೆದರೆ ಓಗೊಡರು. ತೋಟದ ಕೆರೆ, ಕಟ್ಟೆಯಿಲ್ಲದ ಬಾವಿ, ಆಷಾಢದ ಹಳ್ಳ, ಭದ್ರೆಯ ಹಿನ್ನೀರು ಇರುವ ಈ ನಾಡಿನಲ್ಲಿ ಇದು ಪ್ರಾಣದ ಪ್ರಶ್ನೆ. ಬಾವಿಗೆ ಮುಚ್ಚಳ, ಉಣಗೋಲಿಗೆ ಗಟ್ಟಿಯಾದ ಅಗಳಿ, ಮಗುವಿನ ಕೊರಳಲ್ಲಿ ಮನೆಯ ವಿಳಾಸ ಇರಲಿ. ಮಗು ಕಾಣದಿದ್ದರೆ ಮೊದಲು ನೀರಿನ ಬಳಿ ಹುಡುಕಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದ್ದಿತು. ಹಾಗಿದ್ದಮೇಲೆ ಯಾವ ಊರೂ ಇದಕ್ಕೆ ಹೊರತಲ್ಲ. ಮದುವೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಅಳುವ ಮಗುವನ್ನು ಕಂಡಾಗ ತಾಯಿಯನ್ನು ದೂರದೆ, ಅವಳಿಗೊಂದು ಸದ್ದಿಲ್ಲದ ಕೋಣೆ ತೋರಿಸಿ, ಅರ್ಧಗಳಿಗೆ ಅವಳ ಕೆಲಸ ನಾವು ಹೊತ್ತುಕೊಂಡರೆ, ಅದಕ್ಕಿಂತ ಹೆಚ್ಚಿನ ನೆರೆಹೊರೆಯ ಧರ್ಮ ಇನ್ನಾವುದಿದೆ?