ನೀರು ಹೊತ್ತವರು

ಕಳೆದ ಶ್ರಾವಣದಲ್ಲಿ ನಮ್ಮ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಪತ್ನೀಸಮೇತರಾಗಿ ಶ್ರೀಮಠಕ್ಕೆ ಬಂದಿದ್ದರು. ಈಗ ಅವರು ಹುಬ್ಬಳ್ಳಿಯಲ್ಲಿ ಅರಿವಳಿಕೆ ಕೊಡುವ ವೈದ್ಯರು. ಗೋವೆಯ ಸ್ಪರ್ಧೆಯೊಂದಕ್ಕೆ ಹೊರಟಿದ್ದು, ಆಶೀರ್ವಾದ ಬೇಕೆಂದರು. ವೈದ್ಯಸಮ್ಮೇಳನದ ಸ್ಪರ್ಧೆಯಿರಬೇಕೆಂದು ನಾವು ತಿಳಿದೆವು. ಹಾಗಿರಲಿಲ್ಲ. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಿ, ದಡಕ್ಕೆ ಬಂದೊಡನೆ 90 ಕಿಲೋಮೀಟರ್ ಸೈಕಲ್ ತುಳಿದು, ಇಳಿದೊಡನೆ 21.1 ಕಿಲೋಮೀಟರ್ ಓಡಬೇಕು! ಟ್ರಯಥ್ಲಾನ್ ಎಂದು ಇದಕ್ಕೆ ಹೆಸರು. ಗೋವೆಯಲ್ಲಿ ಈ ಸ್ಪರ್ಧೆ ಮೊದಲು ನಡೆದದ್ದು 2019ರಲ್ಲಿ.

"ಡಾಕ್ಟ್ರ, ಇದಕ್ಕ ವೇಳ್ಯಾ ಎಲ್ಲಿಂದ ತರ್ತೀರಿ?" ಎಂದೆವು.

"ನಸುಕಿನ್ಯಾಗ ನಾಲ್ಕಕ್ಕ ಏಳತೇನ್ರಿ ಅಜ್ಜಾರ. ನನ್ನ ನಿದ್ದೀ ವೇಳ್ಯಾ, ಯಾರದೂ ಅಲ್ಲ."

ರಾತ್ರಿ ಆಸ್ಪತ್ರೆಯಿಂದ ಕರೆ ಬಂದರೆ ಮರುದಿನ ಅವರು ಸೈಕಲ್ ಮುಟ್ಟುವುದಿಲ್ಲವಂತೆ. ಮಲಗಿಸಿದ ರೋಗಿಯ ಉಸಿರನ್ನು ನಿದ್ದೆಗೆಟ್ಟ ಕಣ್ಣುಗಳಿಂದ ಕಾಯಬಾರದೆಂಬ ಅವರ ಮಾತು ನಮಗೆ ಹಿಡಿಸಿತು. ಕಾಯಕದ ಅರಿವು ಉಳ್ಳವರು ಎನಿಸಿತು.

ಉತ್ಸಾಹದಿಂದ ಅವರು ಈ ಆಟದ ಪೂರ್ವಕಥೆಯನ್ನೂ ಹೇಳಿದರು. ಹವಾಯಿಯ ಓಆಹು ದ್ವೀಪದಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಇದ್ದರು. ಈಜುಗಾರ, ಓಟಗಾರ, ಸೈಕಲ್ ಸವಾರ, ಇವರಲ್ಲಿ ಯಾರ ದೇಹ ಗಟ್ಟಿ ಎಂಬ ವಾದ ಎದ್ದಾಗ, ಮೂರನ್ನೂ ಒಂದೇ ದಿನ ಮಾಡಿ ನೋಡೋಣವೆಂದರು. 1978ರ ಫೆಬ್ರವರಿ 18ರಂದು 15 ಜನ ಹೊರಟರು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. ಮುಗಿಸಿದವರು 12 ಜನ. ಮೊದಲು ಬಂದವರು ಗಾರ್ಡನ್ ಹಾಲರ್. ತೆಗೆದುಕೊಂಡದ್ದು 11 ಗಂಟೆ 46 ನಿಮಿಷ 58 ಸೆಕೆಂಡು. ಅವರು ಟ್ಯಾಕ್ಸಿ ಓಡಿಸಿದವರು. ಕಾಲಿನ್ಸರು ಹಡಗಿನ ನೌಕರಿಯವರು. ಈ ಆಟದಿಂದ ಹೊಟ್ಟೆ ಹೊರೆಯುವವರು ಅಂದು ಯಾರೂ ಇರಲಿಲ್ಲ.

ಅಂದು ನೀರು, ಆಹಾರ ಕೊಡಲು ತಂತಮ್ಮ ಸಹಾಯಕರನ್ನು ಪ್ರತಿಯೊಬ್ಬರೂ ತಾವೇ ಕರೆತರಬೇಕಾಗಿತ್ತು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರರ ಕಡೆಯವರಲ್ಲಿ ನೀರು ಮುಗಿದು, ಅವರಿಗೆ ಬಿಯರ್ ಕುಡಿಸಿದರಂತೆ. ಮಠದ ಪತ್ರಿಕೆಯಲ್ಲಿ ಬರೆಯತಕ್ಕ ಮಾತಲ್ಲ. ಆದರೆ ನಡೆದದ್ದು ಹಾಗೆ.

ನಮ್ಮ ಮನಸ್ಸನ್ನು ಹೆಚ್ಚು ಸೆಳೆದವರು ಅಮೆರಿಕೆಯ ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್. 1930ರಲ್ಲಿ ಹುಟ್ಟಿದ ಅವರು ಓಡಲಾರಂಭಿಸಿದ್ದೇ 48ನೆಯ ವಯಸ್ಸಿನಲ್ಲಿ. 2012ರಲ್ಲಿ, 82ನೆಯ ವಯಸ್ಸಿನಲ್ಲಿ, ಕೆನಡಾದಲ್ಲಿ ಆ ಪೂರ್ಣ ದೂರವನ್ನೇ ಮುಗಿಸಿದರು. ಕೇಳಿ ನಾವು ಪುಲಕಿತರಾದೆವು. ದೇಹಸಾಧನೆಯೂ ಕಾಯಕವೇ ಎಂದು ಹೇಳಿ ವಿಭೂತಿ ಕೊಟ್ಟು ಕಳುಹಿಸುವವರಿದ್ದೆವು.

ಅಷ್ಟರಲ್ಲಿ ಇದುವರೆಗೆ ಸುಮ್ಮನಿದ್ದ ಅವರ ಪತ್ನಿ ಮಾತಾಡಿದರು. ಆಕೆ ಕಾಲೇಜಿನಲ್ಲಿ ಉಪನ್ಯಾಸಕಿ.

"ಇವರು ದವಾಖಾನಿ ತಪ್ಪಸೂದಿಲ್ರಿ, ಸೈಕಲ್ಲೂ ತಪ್ಪಸೂದಿಲ್ರಿ. ಮಕ್ಕಳನ್ನ ಸಾಲಿಗೆ ಕಳಸೂದು, ಅತ್ತಿಯವರ ಔಷಧಾ, ರವಿವಾರದ ಸಂತಿ, ಎಲ್ಲಾ ನನ್ನ ಪಾಲಿಗೆ ಬಂದಾವ್ರಿ. ನನ್ನ ಪಿಎಚ್.ಡಿ. ಕಾಗದಾ ಮೂರು ವರ್ಷದಿಂದ ಗಂಟಿನ್ಯಾಗ ಅದಾವು."

ವೈದ್ಯರು ತಲೆ ತಗ್ಗಿಸಿದರು. ನಾವೂ ತಗ್ಗಿಸಿದೆವು. ಸನ್ಯಾಸಿನಿಯ ದೃಷ್ಟಾಂತ ಇಲ್ಲಿ ನಡೆಯದು. ಅವರಿಗೂ ನಮಗೂ ಸಾಲೆಗೆ ಕಳುಹಿಸಬೇಕಾದ ಮಕ್ಕಳಿಲ್ಲ. ಓಟವೇ ಉದ್ಯೋಗವಾದವನ ಲೆಕ್ಕ ಸರಳ. ಹವ್ಯಾಸಿ ವಾರಕ್ಕೆ ಹತ್ತು ಗಂಟೆಗಳನ್ನು ಎಲ್ಲಿಂದಲೋ ತೆಗೆಯಬೇಕು. ಈ ವೈದ್ಯರು ತಮ್ಮ ನಿದ್ದೆಯಿಂದಲೇ ತೆಗೆದೆವೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು.

ಪಿಎಚ್.ಡಿ. ಎಂಬ ಮಾತು ನಮ್ಮನ್ನು ಚುಚ್ಚಿದ್ದಕ್ಕೆ ಬೇರೆ ಕಾರಣವಿತ್ತು. ನಾವು ಮರಿದೇವರಾಗಿದ್ದಾಗ, ನಸುಕಿನಲ್ಲಿ ಬಾವಿಯಿಂದ ನೀರು ಸೇದಿ ದಾಸೋಹದ ಹರವಿಗಳನ್ನು ತುಂಬುವ ಕೆಲಸವನ್ನು ಲಿಂಗೈಕ್ಯ ಗುರುಗಳು ನಮಗೆ ವಹಿಸಿದ್ದರು. 1995ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಿದ್ಧಪಡಿಸುತ್ತ ರಾತ್ರಿಯೆಲ್ಲ ಬರೆದು ಬೆಳಗಿನಲ್ಲಿ ಮಲಗತೊಡಗಿದೆವು. ಗುರುಗಳು ಏನೂ ಅನ್ನಲಿಲ್ಲ. ಎದ್ದು ಬಂದು ನೋಡಿದರೆ ಹರವಿಗಳು ತುಂಬಿರುತ್ತಿದ್ದವು. ಗುರುಕೃಪೆಯೆಂದು ಬಗೆದು ಸುಮ್ಮನಾದೆವು.

ಪದವಿ ಬಂದ ಬಳಿಕ, ಮಂಡಿನೋವಿನಿಂದ ಅಡುಗೆಯ ಅಜ್ಜ ಹಾಸಿಗೆ ಹಿಡಿದಾಗ ಸಂಗತಿ ತಿಳಿಯಿತು. ಎರಡು ವರ್ಷ ನಮ್ಮ ಪಾಲಿನ ನೀರು ಹೊತ್ತವರು ಅವರು. ಯಾಕೆ ಹೇಳಲಿಲ್ಲವೆಂದು ಕೇಳಿದೆವು. "ನೀವು ಓದಾಕ ಹತ್ತಿದ್ರೆಲ್ಲಾ, ದ್ಯಾವ್ರ" ಎಂದರು. ನಮ್ಮ ಪ್ರಬಂಧದ ಮುನ್ನುಡಿಯಲ್ಲಿ 14 ಜನರಿಗೆ ಕೃತಜ್ಞತೆ ಹೇಳಿದ್ದೇವೆ. ಆ ಹೆಸರು ಅಲ್ಲಿಲ್ಲ.

ವೈದ್ಯದಂಪತಿಗಳಿಗೆ ಈ ಕಥೆಯನ್ನಷ್ಟೇ ಹೇಳಿದೆವು. ಗೋವೆಗೆ ಹೋಗಿರೆಂದೂ ಬೇಡವೆಂದೂ ಹೇಳಲಿಲ್ಲ. ಬಹಳ ಹೊತ್ತು ಮೂವರೂ ಸುಮ್ಮನೆ ಕುಳಿತಿದ್ದೆವು. ಕೊನೆಗೆ ಆ ತಾಯಿ ಕೇಳಿದರು:

"ದಿನಕ್ಕ ಎಷ್ಟು ಕೊಡ ಇದ್ದೂರೀ, ಅಜ್ಜಾರ?"

"ಹನ್ನೆರಡು" ಎಂದೆವು.