ಬಾದಾಮಿ, ಬಿಸಿಲು ಮತ್ತು ನಮ್ಮ ರಾಗಿ

‘ಈ ಸಲ ರಾಗೀನೂ ಕರ್ಕೊಂಡು ಹೋಗೋಣ’ ಅಂದವಳು ನಾನೇ.

ರಾಗಿ ನಮ್ಮನೆ ನಾಯಿ. ಬೀದಿಯಲ್ಲಿ ಸಿಕ್ಕ ಮರಿ, ಈಗ ನಾಲ್ಕು ವರ್ಷ. ಬಣ್ಣ ಥೇಟ್ ರಾಗಿ ಮುದ್ದೆಯದು. ನಾನೂ ನನ್ನ ಗಂಡನೂ ಆಫೀಸಿಗೆ ಹೋದರೆ ಬೆಂಗಳೂರಿನ ಮನೆಯಲ್ಲಿ ಸಂಜೆವರೆಗೂ ಒಬ್ಬಳೇ ಇರುತ್ತಾಳೆ. ದೀಪಾವಳಿಗೆ ಊರಿಗೆ ಹೋಗುವಾಗ ಮೂರು ದಿನ ನಾಯಿಗಳ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆವು. ವಾಪಸ್ ಬಂದ ಮೇಲೆ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಇನ್ನು ಹೋದರೆ ಮೂವರೂ ಹೋಗೋದು ಅಂತ ಆಗಲೇ ತೀರ್ಮಾನ ಮಾಡಿದ್ವಿ.

ಫೆಬ್ರವರಿ ಕೊನೆಯಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡುವ ಆಸೆ ಹಳೆಯದು. ಫೋನ್ ಮಾಡಿದ ಹೋಟೆಲುಗಳೆಲ್ಲ ‘ನಾಯಿನಾ? ಸಾರಿ ಮೇಡಂ’ ಅಂದವು. ಹಾಗಾಗಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡೆವು. ಒಳಗೆ ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, ಫ್ರಿಜ್, ತಲೆ ಮೇಲೆ ಎಸಿ. ಚಕ್ರ ಇರೋ ಮನೆ ಅಂತ ಸ್ನೇಹಿತರಿಗೆಲ್ಲ ಫೋಟೊ ಕಳಿಸಿದೆ. ಅದನ್ನು ಮನೆ ಅಂದುಕೊಂಡಿದ್ದೇ ನಮ್ಮ ಮೊದಲ ತಪ್ಪು.

ಹೋಗುವ ದಾರಿ ಮಾತ್ರ ಸೊಗಸಾಗಿತ್ತು. ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ ದಾಟಿದ ಹಾಗೆ ನೆಲದ ಬಣ್ಣ ಬದಲಾಗುತ್ತಾ ಹೋಯಿತು. ಕಪ್ಪು ಹೊಲಗಳಲ್ಲಿ ಬಿಳಿಜೋಳದ ಕೊಯ್ಲು ನಡೀತಿತ್ತು. ರಾಗಿ ಕಿಟಕಿ ಪಕ್ಕದ ಸೀಟು ಬಿಟ್ಟು ಏಳಲೇ ಇಲ್ಲ. ಪ್ರತಿ ಎತ್ತಿನ ಗಾಡಿಗೂ ಒಂದೊಂದು ಸಲ ಬೊಗಳಿ, ‘ನೋಡಿದ್ರಾ?’ ಅನ್ನೋ ಹಾಗೆ ನಮ್ಮ ಕಡೆ ತಿರುಗುತ್ತಿದ್ದಳು.

ಬಾದಾಮಿ ತಲುಪಿದಾಗ ಸಂಜೆ. ಕೆಂಪು ಬಂಡೆಗಳ ಮೇಲೆ ಕೊನೇ ಬಿಸಿಲು. ಒಂದು ಲಾಡ್ಜಿನವರು ಹಿಂದಿನ ಅಂಗಳದಲ್ಲಿ ವ್ಯಾನ್ ನಿಲ್ಲಿಸಲು ಜಾಗ, ಜೊತೆಗೆ ಒಂದು ಪ್ಲಗ್ ಪಾಯಿಂಟ್ ಕೊಟ್ಟರು. ನಮ್ಮ ವ್ಯಾನಿನ ಎಸಿ ನಡೆಯಬೇಕೆಂದರೆ ಹೊರಗಿನ ಕರೆಂಟ್ ಬೇಕೇ ಬೇಕು. ಒಳಗಿನ ಬ್ಯಾಟರಿ ದೀಪಕ್ಕೆ, ಫ್ಯಾನಿಗೆ ಮಾತ್ರ. ವ್ಯಾನ್ ಕೊಟ್ಟವರು ಇದನ್ನು ಹೇಳಿದ್ದರು, ನಾವು ತಲೆಯಾಡಿಸಿದ್ದೆವು.

ಬೆಳಿಗ್ಗೆ ಹತ್ತೂವರೆಗೆ ಗುಹೆಗಳತ್ತ ಹೊರಟೆವು. ಸ್ಮಾರಕದ ಒಳಗೆ ನಾಯಿಗೆ ಪ್ರವೇಶ ಇಲ್ಲ. ರಾಗಿಗೆ ತಿಂಡಿ ಹಾಕಿ, ಬಟ್ಟಲ ತುಂಬ ನೀರಿಟ್ಟು, ಎಸಿ 24ಕ್ಕೆ ಇಟ್ಟೆವು. ತಣ್ಣನೆ ಗಾಳಿ ಹೊರಗೆ ಹೋಗದಿರಲಿ ಅಂತ ಛಾವಣಿಯ ಫ್ಯಾನ್ ಮುಚ್ಚಿ, ಒಂದು ಕಿಟಕಿ ಮಾತ್ರ ನಾಲ್ಕು ಬೆರಳಷ್ಟು ತೆರೆದೆವು. ಅಡುಗೆ ಕಟ್ಟೆಯ ಮೇಲೆ ಮನೆಯಿಂದ ತಂದಿದ್ದ ಪುಟ್ಟ ಕ್ಯಾಮೆರಾ. ಫೋನ್ ತೆಗೆದರೆ ರಾಗಿ ಕಾಣ್ತಾಳೆ. ಇನ್ನೇನು ಬೇಕು?

ಬಾದಾಮಿಯಲ್ಲಿ ನಾಲ್ಕು ಗುಹೆಗಳು, ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲು. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ. ಎರಡನೆಯದಕ್ಕೆ ಬಂದಾಗ ಫೋನ್ ನೋಡಿದೆ. ರಾಗಿ ಹಾಸಿಗೆ ಮೇಲೆ ಮಲಗಿದ್ದಳು, ಒಂದು ಕಿವಿ ಮಡಚಿಕೊಂಡು. ‘ನೋಡು, ಕುಂಭಕರ್ಣಿ’ ಅಂತ ಗಂಡನಿಗೂ ತೋರಿಸಿದೆ. ನೆಮ್ಮದಿಯಾಗಿ ಮೇಲೆ ಹತ್ತಿದೆವು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಳೇಶ ಮಾಡಿಸಿದ್ದು, 578ರಲ್ಲಿ ಆದದ್ದು ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ಶೇಷನ ಮೇಲೆ ಕುಳಿತ ವಿಷ್ಣುವನ್ನು ನೋಡುತ್ತಾ ನಿಂತಿದ್ದೆ. ಹೊರಗೆ ಮಂಗಗಳ ಗಲಾಟೆ. ಯಾಕೋ ಮತ್ತೊಮ್ಮೆ ಫೋನ್ ತೆಗೆದೆ.

ರಾಗಿ ಹಾಗೇ ಮಲಗಿದ್ದಳು. ಅದೇ ಜಾಗ, ಅದೇ ಭಂಗಿ, ಅದೇ ಮಡಚಿದ ಕಿವಿ.

ಚಿತ್ರದ ಮೂಲೆಯಲ್ಲಿ ಸಮಯ ಬರುತ್ತದೆ. 11.04 ಅಂತಿತ್ತು. ಫೋನಿನ ಗಡಿಯಾರದಲ್ಲಿ 11.41.

ಕರೆಂಟ್ ಹೋಗಿತ್ತು. ಕರೆಂಟ್ ಜೊತೆ ಪ್ಲಗ್ಗಿಗೆ ಹಾಕಿದ್ದ ವೈಫೈ ಡಬ್ಬಿಯೂ ಆಫ್ ಆಗಿತ್ತು. ಮೂವತ್ತೇಳು ನಿಮಿಷದಿಂದ ನಾವು ನೋಡುತ್ತಿದ್ದದ್ದು ಒಂದು ಹಳೇ ಫೋಟೊ.

ಆ ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಚಪ್ಪಲಿ ಕೈಯಲ್ಲಿತ್ತು ಅನ್ನೋದಷ್ಟೇ ನೆನಪು. ಅಂಗಳಕ್ಕೆ ಓಡಿ ಬಂದಾಗ ವ್ಯಾನಿನ ಪಕ್ಕ ಒಬ್ಬ ಅಜ್ಜಿ, ಒಬ್ಬ ಹುಡುಗ ನಿಂತಿದ್ದರು. ಗೇಟಿನ ಎದುರು ಮಿರ್ಚಿ ಭಜಿ ಗಾಡಿ ಇಟ್ಟುಕೊಂಡಿದ್ದ ಅಜ್ಜಿ. ಹುಡುಗ ಪ್ಲಾಸ್ಟಿಕ್ ಡಬ್ಬದ ಮೇಲೆ ಹತ್ತಿ, ಕಿಟಕಿಯ ಗಾಜು ಪೂರ್ತಿ ಸರಿಸಿ, ಸೊಳ್ಳೆ ಜಾಳಿಗೆ ಹರಿದು, ತಂಬಿಗೆಯಿಂದ ಒಳಗೆ ನೀರು ಎರಚುತ್ತಿದ್ದ.

‘ಯವ್ವಾ, ಕರೆಂಟ್ ಹೋಗಿ ಅರ್ಧ ತಾಸಿನ ಮ್ಯಾಲಾತು. ನಾಯಿ ಒಂದ ಸವನ ಬೊಗಳಾಕತ್ತಿತ್ತು. ಆಮ್ಯಾಲೆ ಬೊಗಳೂದ ಬಿಡ್ತು. ಅದಕ್ಕ ಹೆದರಿಕಿ ಆತು ನನಗ’ ಅಂದಳು ಅಜ್ಜಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತ ಹಾಗೆ ಝಳ ಬಂತು. ರಾಗಿ ನೆಲದಲ್ಲಿ, ಒದ್ದೆಯಾಗಿ, ನಾಲಿಗೆ ಉದ್ದಕ್ಕೂ ಚಾಚಿ ಏದುಸಿರು ಬಿಡುತ್ತಿದ್ದಳು. ಬಾಯಿಂದ ಅಂಟು ಜೊಲ್ಲು. ನನ್ನ ದನಿ ಕೇಳಿ ಬಾಲ ಒಂದೇ ಸಲ ಅಲುಗಿತು, ಏಳಲು ಆಗಲಿಲ್ಲ. ಗಂಡ ಎತ್ತಿಕೊಂಡು ಬೇವಿನ ಮರದ ನೆರಳಿಗೆ ತಂದ. ಅಜ್ಜಿಯ ಕೊಡದ ನೀರನ್ನು ಮೈ ಮೇಲೆಲ್ಲ ಸುರಿದೆವು. ಹುಡುಗ ರಟ್ಟಿನಿಂದ ಗಾಳಿ ಬೀಸಿದ. ಆಮೇಲೆ ಲಾಡ್ಜಿನ ಹುಡುಗನ ಜೊತೆ ಆಟೊದಲ್ಲಿ ಪಶು ಆಸ್ಪತ್ರೆಗೆ.

ಡಾಕ್ಟರು ಥರ್ಮಾಮೀಟರ್ ಇಟ್ಟರು, 40.6 ಡಿಗ್ರಿ. ಆರೋಗ್ಯವಾಗಿರೋ ನಾಯಿಗೆ ಸುಮಾರು 38.3ರಿಂದ 39.2 ಇರಬೇಕಂತೆ. ನಮ್ಮ ಹಾಗೆ ಮೈಯೆಲ್ಲ ಬೆವರಿ ತಣ್ಣಗಾಗುವುದು ನಾಯಿಗೆ ಆಗದು. ಅದು ಬೆವರುವುದು ಅಂಗಾಲಿನಲ್ಲಿ, ಸ್ವಲ್ಪವೇ. ಮಿಕ್ಕಿದ್ದೆಲ್ಲ ಏದುಸಿರಿನಿಂದಲೇ ಆಗಬೇಕು. ಸುತ್ತಲಿನ ಗಾಳಿಯೇ ಕಾದಿದ್ದರೆ ಎಷ್ಟು ಏದುಸಿರು ಬಿಟ್ಟರೂ ಸಾಲದು. ಡ್ರಿಪ್ ಹಾಕಿದರು. ಎರಡು ತಾಸು ನಾನು ರಾಗಿಯ ಕಾಲು ಹಿಡಿದು ಕೂತೆ.

‘ಮನೇಲೂ ದಿನಾ ಒಬ್ಬಳೇ ಇರ್ತಾಳೆ ಡಾಕ್ಟ್ರೇ. ಯಾವತ್ತೂ ಏನೂ ಆಗಿಲ್ಲ’ ಅಂದೆ. ಅಳು ಬರ್ತಿತ್ತು, ಜೊತೆಗೆ ನಮ್ಮನ್ನು ನಾವು ಸಮರ್ಥಿಸಿಕೊಳ್ಳುವ ಆಸೆಯೂ ಇತ್ತು ಅನ್ಸತ್ತೆ.

‘ಮನಿಯಾಗ ಬಿಸಿಲು ಬಂದ್ರ ಎದ್ದು ಬ್ಯಾರೆ ಕಡೆ ಹೋಗಿ ಮಲಗ್ತಾಳ್ರಿ. ಇಲ್ಲಿ ಎಲ್ಲಿಗೆ ಹೋಗಬೇಕು?’ ಅಂದರು ಅವರು.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಮನೆಯ ಕ್ಯಾಮೆರಾದಲ್ಲಿ ನಾನೇ ಎಷ್ಟು ಸಲ ನೋಡಿದ್ದೇನೆ. ಬೆಳಿಗ್ಗೆ ಬಾಲ್ಕನಿ ಬಾಗಿಲ ಹತ್ತಿರ ಮಲಗುತ್ತಾಳೆ. ಮಧ್ಯಾಹ್ನ ಬಚ್ಚಲಿನ ತಣ್ಣನೆ ನೆಲಕ್ಕೆ ಹೋಗುತ್ತಾಳೆ. ಸಂಜೆ ದಿವಾನದ ಕೆಳಗೆ. ರಾಗಿ ಒಬ್ಬಳೇ ಇರಬಲ್ಲಳು. ಅವಳಿಂದ ಆಗದ್ದು, ಜಾಗ ಬದಲಿಸಲು ಬಾರದ ಕಡೆ ಒಬ್ಬಳೇ ಇರುವುದು. ಕ್ಯಾಂಪರಿಗೆ ಪರದೆ ಹಾಕಿ, ದಿಂಬಿಟ್ಟು ಎಷ್ಟೇ ಮನೆ ಮಾಡಿದರೂ ಬಿಸಿಲಿನ ಲೆಕ್ಕದಲ್ಲಿ ಅದು ತಗಡಿನ ಡಬ್ಬಿ.

ವಾಪಸ್ ಬಂದ ಮೇಲೆ ಇದರ ಬಗ್ಗೆ ಓದಿದೆ. 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು. ಅದರಲ್ಲಿ ಶೇ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ನಮ್ಮ ನಾಲ್ಕು ಬೆರಳಿನ ಕಿಟಕಿ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು ಅಂತ ಆಗ ಅರ್ಥವಾಯಿತು. ಅದು ಉಪಯೋಗಕ್ಕೆ ಬಂದದ್ದು ಹುಡುಗನ ತಂಬಿಗೆಗೆ ಮಾತ್ರ.

ಆವತ್ತು ಸಂಜೆ ರಾಗಿ ಎದ್ದು ನಿಂತಳು. ಎರಡು ದಿನ ನೀರು, ಮೂತ್ರದ ಮೇಲೆ ಕಣ್ಣಿಡಿ ಅಂದಿದ್ದರು ಡಾಕ್ಟರು. ಐಹೊಳೆ ಬಿಟ್ಟೆವು, ಬಾದಾಮಿಯಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಅಗಸ್ತ್ಯ ತೀರ್ಥದ ದಂಡೆಗೆ ನಿಧಾನವಾಗಿ ನಡೆಸಿಕೊಂಡು ಹೋದೆವು. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಇಲ್ಲಿ ಬಟ್ಟೆ ಬಡಿದರೆ ಆ ಕಡೆ ಬಂಡೆಯಿಂದ ಅದೇ ಸದ್ದು ತಿರುಗಿ ಬರುತ್ತದೆ. ರಾಗಿ ಪ್ರತಿ ಸಲವೂ ಬಂಡೆಯ ಕಡೆ ಕಿವಿ ನಿಮಿರಿಸುತ್ತಿದ್ದಳು. ಆಚೆ ದಡದಲ್ಲಿ ಭೂತನಾಥ ದೇವಸ್ಥಾನ ನೀರಿಗೆ ಇಳಿದ ಹಾಗೆ ಕಾಣುತ್ತಿತ್ತು. ಪಟ್ಟಿ ಹಿಡಿದು ಓಡುತ್ತಾ ನೋಡಿದ್ದರೆ ಇಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದೆವೋ ಏನೋ. ಅವತ್ತು ಎರಡು ತಾಸು ಕೂತೆವು.

ಈಗ ನಮ್ಮದು ಸರಳ ಲೆಕ್ಕ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ರಾಗಿ ಜೊತೆ ಮರದ ನೆರಳಲ್ಲಿ. ನೋಡುವ ಜಾಗಗಳು ಅರ್ಧಕ್ಕೆ ಇಳಿದಿವೆ. ಬೇಸಿಗೆಯಲ್ಲಿ ಬಯಲುಸೀಮೆ ಬೇಡ. ನೀವೂ ನಾಯಿ ಜೊತೆ ಕ್ಯಾಂಪರಿನಲ್ಲಿ ಹೊರಡುವವರಾದರೆ ಒಂದೇ ಮಾತು: ಎಸಿ ಇದೆ, ಕ್ಯಾಮೆರಾ ಇದೆ ಅಂತ ಧೈರ್ಯ ಮಾಡಬೇಡಿ. ಎರಡೂ ಒಂದೇ ಪ್ಲಗ್ಗಿಗೆ ನೇತಾಡುತ್ತಿರುತ್ತವೆ.

ಹೊರಡುವ ದಿನ ಅಜ್ಜಿಗೆ ದುಡ್ಡು ಕೊಡಲು ಹೋದೆ. ‘ನೀರಿಗೆ ರೊಕ್ಕ ತಗೋತಾರೇನವ್ವಾ’ ಅಂತ ಕೈ ಹಿಂದಕ್ಕೆ ಸರಿಸಿದಳು. ಹುಡುಗನಿಗೆ ಮಾತ್ರ ಒಂದು ಕ್ರಿಕೆಟ್ ಬ್ಯಾಟ್ ಕೊಡಿಸಿದೆವು. ಅಜ್ಜಿ ರಾಗಿಗೆ ಜೋಳದ ರೊಟ್ಟಿಯ ಚೂರು ಹಾಕಿದಳು. ಮೂರು ದಿನದಲ್ಲಿ ರಾಗಿ ಆಸೆಪಟ್ಟು ತಿಂದದ್ದು ಅದೇ ಮೊದಲು. ಬೆಂಗಳೂರಿಗೆ ಬಂದ ಮೇಲೆ ಹರಿದ ಜಾಳಿಗೆಗೆ ವ್ಯಾನಿನವರು 1,800 ರೂಪಾಯಿ ಹಿಡಿದುಕೊಂಡರು. ಅಷ್ಟು ಖುಷಿಯಿಂದ ನಾನು ಯಾವ ಬಿಲ್ಲನ್ನೂ ಕಟ್ಟಿಲ್ಲ.

ನಾಲ್ಕನೆಯ ಗುಹೆ, ಜೈನರದ್ದು, ನಾನಿನ್ನೂ ನೋಡಿಲ್ಲ. ಕೊನೆಯ ಬೆಳಿಗ್ಗೆ ಗಂಡ ಹೋಗಿ ನೋಡಿ ಬಂದ. ‘ಈಗ ನಿನ್ನ ಸರದಿ, ಹೋಗು’ ಅಂದ. ರಾಗಿ ಆಗಷ್ಟೇ ನನ್ನ ಪಾದದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹೊಟ್ಟೆ ಏರಿ ಇಳಿಯುತ್ತಿತ್ತು. ಇರಲಿ ಬಿಡು, ಇನ್ನೊಂದ್ಸಲ ಬರೋಣ ಅಂದೆ.